ಕುಬಸದ ಸೀರೆಯ ಬಣ್ಣ

ಸಂತೆಕಲ್ಲೂರಿನ ನನ್ನ ಅಕ್ಕ ಶರಣಮ್ಮನ ಮನೆಯ ಪಡಸಾಲೆಯಲ್ಲಿ ಒಂದು ಫೋಟೋ ಇತ್ತು. ಮದುವೆಯಾದ ಹೊಸದರಲ್ಲಿ, ತುಂಬು ಬಸುರಿಯಾಗಿ, ಕೊರಳಲ್ಲಿ ಹಾರ ಹಾಕಿಕೊಂಡು ಆಕೆ ಕುರ್ಚಿಯ ಮೇಲೆ ಕೂತಿರುವ ಕಲರ್ ಫೋಟೋ. ಈ ಸಲ ಸಂಕ್ರಾಂತಿ ಮುಗಿದ ಮೇಲೆ ಹೋದಾಗ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಅಕ್ಕನ ಮಗಳು ಗೌರಿ ಫೋಟೋದ ಕಟ್ಟು ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಫೋಟೋ ತೆಗೆಸುವಾಗ ಈ ಗೌರಿಯೇ ಅಕ್ಕನ ಹೊಟ್ಟೆಯಲ್ಲಿದ್ದವಳು. ಈಗ ಅವಳಿಗೇ ಶಾಲೆಗೆ ಹೋಗುವ ಮಕ್ಕಳಿದ್ದಾರೆ.

"ಚೊಲೋ ಟೈಮಿಗೆ ಬಂದಿ ನೋಡು ಮಾವಾ," ಅಂದಳು. "ಸಿಂಧನೂರಾಗ ಒಬ್ಬಾಂವ ಹಳೇ ಫೋಟೋ ಕಂಪ್ಯೂಟರ್‌ನ್ಯಾಗ ಹಾಕಿ ಹೊಸದು ಮಾಡಿಕೊಡ್ತಾನಂತ. ಆದ್ರ ಇದು ಪೂರಾ ಕೆಂಪಾಗಿಬಿಟ್ಟೈತಿ. ಸೀರಿ ಯಾವ ಬಣ್ಣದ್ದಿತ್ತು, ಹಿಂದಿನ ಪರದಿ ಯಾವ ಬಣ್ಣದ್ದಿತ್ತು, ಕೇಳ್ಕೊಂಡು ಬರ್ರಿ ಅಂದಾನ. ಅವ್ವನ್ನ ಕೇಳಿದ್ರ ನಕ್ಕೋತ ಒಳಗ ಹೋಗ್ತಾಳ. ನೀ ಪೇಂಟರ್ ಅದಿ, ನೀನಽ ಹೇಳು."

"ಕುಬಸದ ಸೀರಿ ಇನ್ಯಾವ ಬಣ್ಣ ಇರ್ತೈತವ್ವ? ಹಸರ," ಅಂದೆ. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವುದಕ್ಕೆ ಕುಬಸ ಎನ್ನುತ್ತೇವೆ. ಆ ಸೀರೆಯನ್ನು ತಂದವನು ನಾನೇ. ಆದ್ದರಿಂದ ಗಟ್ಟಿಯಾಗಿಯೇ ಹೇಳಿದೆ.

"ಪರದಿ?"

ಪರದೆಯನ್ನು ಬರೆದವನೂ ನಾನೇ. ಆದರೂ "ತಡಿ, ನೆನಪ ಮಾಡ್ಕೊಂಡು ಹೇಳ್ತೀನಿ," ಎಂದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ. ನೆನಪು ಮಾಡಿಕೊಳ್ಳುವಂಥದ್ದೇನೂ ಇರಲಿಲ್ಲ. ಆ ವರ್ಷವನ್ನು ಮರೆಯಬೇಕೆಂದು ಪ್ರಯತ್ನಪಟ್ಟು ಸೋತವನು ನಾನು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಹೊಲ, ಗುಡ್ಡ, ಬಯಲುಗಳ ಚಿತ್ರ ಬರೆಯುವವನು. ಅದರಿಂದಲೇ ಹೊಟ್ಟೆ ಹೊರೆದಿದ್ದೇನೆ, ನಾಲ್ಕು ಜನ ಹೆಸರು ಹಿಡಿದು ಕರೆಯುವಷ್ಟು ಆಗಿದ್ದೇನೆ. ನನ್ನ ಕಣ್ಣಿಗೆ ಹಸಿರು, ಕೆಂಪು, ಕಂದು ಬೇರೆ ಬೇರೆಯಾಗಿ ಕಾಣುವುದಿಲ್ಲ. ಹುಟ್ಟಿದಾಗಿನಿಂದಲೂ ಹೀಗೇ. ಹಳದಿ ಕಾಣುತ್ತದೆ, ನೀಲಿ ಕಾಣುತ್ತದೆ. ಉಳಿದದ್ದೆಲ್ಲ ಒಂದೇ ಹೊಲದ ಬೆಳೆ. ಕುರುಡ ಕನ್ನಡಿ ಅಂಗಡಿ ಇಟ್ಟ ಹಾಗೆ ಎಂದು ಯಾರಾದರೂ ನಕ್ಕರೆ ನಗಲಿ, ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಆದರೆ ಬೇರೆಯವರು ನಗುವುದನ್ನು ಮಾತ್ರ ನನಗೆ ತಡೆದುಕೊಳ್ಳಲು ಆಗಲಿಲ್ಲ, ಚಿಕ್ಕಂದಿನಿಂದಲೂ.

ನಮ್ಮೂರು ಮಸ್ಕಿ. ಊರಿನ ಬೆನ್ನಿಗೇ ಗುಡ್ಡ. ಅವ್ವ ನನಗೆ ತಿಳಿವಳಿಕೆ ಬರುವ ಮೊದಲೇ ಹೋದಳು. ಅಪ್ಪನಿಗೆ ಜೋಳದ ಹೊಲ ಸ್ವಲ್ಪ ಇತ್ತು, ಅದರಲ್ಲಿ ಕೆಲಸ ಇಲ್ಲದಾಗ ಕಾಲುವೆ ಸೀಮೆಗೆ ನೆಲ್ಲಿನ ಕೂಲಿಗೆ ಹೋಗುತ್ತಿದ್ದ. ಹಾಗಾಗಿ ನನ್ನನ್ನು ಸಾಕಿದವಳು ಅಕ್ಕ. ಐದಾರು ವರ್ಷ ದೊಡ್ಡವಳು, ಅಷ್ಟೇ.

ಮೂರನೆಯ ಇಯತ್ತೆಯಲ್ಲಿ ಮಾಸ್ತರರು ಗಿಣಿ ಬರೆದು ಬಣ್ಣ ತುಂಬಲು ಹೇಳಿದರು. ನನ್ನ ಗಿಣಿ ಚೆನ್ನಾಗಿಯೇ ಇತ್ತು. ಕೊಕ್ಕು, ಕಣ್ಣು, ಬಾಲ ಎಲ್ಲ ಇದ್ದಂತೆಯೇ. ಹೆಮ್ಮೆಯಿಂದ ಪಾಟಿಗಲ್ಲಿನ ಹಾಗೆ ಎತ್ತಿ ಹಿಡಿದೆ. ಮಾಸ್ತರರು ನೋಡಿ, "ಏನಲೇ ಅಮರೇಶಾ, ನಿನ್ ಗಿಣಿ ಇಟ್ಟಂಗಿ ಭಟ್ಟಿಗೆ ಬಿದ್ದು ಬಂದೈತೇನು?" ಅಂದರು. ತರಗತಿ ಹೋ ಎಂದು ನಕ್ಕಿತು. ಗಿಣಿಯ ಮೈಗೆ ಇಟ್ಟಿಗೆಯ ಕೆಂಪು ಹಚ್ಚಿ, ಕೊಕ್ಕಿಗೆ ಹಸಿರು ಹಚ್ಚಿದ್ದೆನಂತೆ. ಅದರಲ್ಲಿ ನಗುವಂಥದ್ದೇನು ಎಂದು ನನಗೆ ಗೊತ್ತಾಗಲಿಲ್ಲ. ಅಂದಿನಿಂದ ನಾನು ಶಾಲೆ ಬಿಡುವವರೆಗೆ 'ಇಟ್ಟಂಗಿ ಗಿಣಿ' ಆಗಿಹೋದೆ.

ಅದೇ ವರ್ಷ ಅಪ್ಪ ಬಾವಿಯ ಪಕ್ಕದ ಮೆಣಸಿನ ಗಿಡಗಳಿಂದ ಹಣ್ಣಾದ ಕಾಯಿ ಮಾತ್ರ ಹರಿದು ತಾ ಎಂದು ಕಳಿಸಿದ. ನಾನು ಬುಟ್ಟಿ ತುಂಬಾ ಹಸಿಕಾಯಿ ಹರಿದು ತಂದೆ. "ಕಣ್ಣೇನು ಬೆನ್ನಿಗದಾವೇನಲೇ?" ಎಂದು ಅಪ್ಪ ಕಪಾಳಕ್ಕೆ ಕೊಟ್ಟ. ಅಕ್ಕ ಮಾತ್ರ ಸುಮ್ಮನೆ ನನ್ನನ್ನೇ ನೋಡಿದಳು. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಎರಡು ಕೈಯಲ್ಲಿ ಎರಡು ಮೆಣಸಿನಕಾಯಿ ಹಿಡಿದಳು.

"ಇದ್ರಾಗ ಹಣ್ಣು ಯಾವುದು?"

ನಾನು ಉದ್ದ ನೋಡಿದೆ, ದಪ್ಪ ನೋಡಿದೆ. ಕೊನೆಗೆ ಬಗ್ಗಿ ಮೂಸಲು ಹೋದೆ. ಅಕ್ಕ ಎರಡನ್ನೂ ಕೆಳಗಿಟ್ಟು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. "ಯಾರಿಗೂ ಹೇಳಬ್ಯಾಡಬೇ ಅಕ್ಕಾ," ಎಂದು ಅತ್ತೆ. ಆಕೆ ಒಂದು ಮುಷ್ಟಿ ಜೋಳ ಕೈಯಲ್ಲಿ ಹಿಡಿದು, "ತಿನ್ನೋ ಅನ್ನದ ಮ್ಯಾಲ ಆಣಿ, ಹೇಳಂಗಿಲ್ಲ," ಅಂದಳು.

ಚಿತ್ರ ಬರೆಯುವುದನ್ನು ಅಲ್ಲಿಗೇ ಬಿಟ್ಟಿದ್ದರೆ ಎಷ್ಟೋ ಒಳ್ಳೆಯದಿತ್ತು. ಆದರೆ ಹುಚ್ಚು ಬಿಡುವುದಿಲ್ಲವಲ್ಲ. ಹೈಸ್ಕೂಲು ಸೇರಿದ ಮೇಲೆ ಲಿಂಗಸುಗೂರಿನ ಒಬ್ಬ ಡ್ರಾಯಿಂಗ್ ಮಾಸ್ತರರ ಹತ್ತಿರ ರವಿವಾರ ಹೋಗಿ ಕಲಿಯತೊಡಗಿದೆ. ಅವರು ನಮ್ಮನ್ನು ಊರ ಹೊರಗೆ ಬಯಲಿಗೆ ಕರೆದುಕೊಂಡು ಹೋಗಿ, "ಕಣ್ಣು ಅರ್ಧ ಮುಚ್ಚಿ ನೋಡ್ರಲೇ. ಬಣ್ಣ ಹೋಗ್ತೈತಿ, ನೆರಳು ಬೆಳಕು ಉಳೀತೈತಿ. ಅದು ಸಿಕ್ಕಿತಂದ್ರ ಚಿತ್ರ ಸಿಕ್ಕಂಗ," ಎನ್ನುತ್ತಿದ್ದರು. ಉಳಿದ ಹುಡುಗರು ಕಣ್ಣು ಕಿರಿದು ಮಾಡಿ ತಿಣುಕುತ್ತಿದ್ದರು. ನನಗೆ ಕಣ್ಣು ಮುಚ್ಚುವ ಅಗತ್ಯವೇ ಇರಲಿಲ್ಲ. ಪೆನ್ಸಿಲಿನಲ್ಲಿ, ಕರಿ ಮಸಿಯಲ್ಲಿ ನನ್ನನ್ನು ಮೀರಿಸುವವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಮಾಸ್ತರರು ನನ್ನ ಬೆನ್ನು ತಟ್ಟುವಾಗೆಲ್ಲ ಹಿಗ್ಗುವ ಬದಲು ಕುಗ್ಗುತ್ತಿದ್ದೆ. ಬಣ್ಣದ ಪಾಠ ಬಂದ ದಿನ ಜ್ವರ ಎಂದು ಹೇಳಿ ಮನೆಯಲ್ಲಿ ಉಳಿಯುತ್ತಿದ್ದೆ.

ಡ್ರಾಯಿಂಗ್ ಪರೀಕ್ಷೆಯಲ್ಲಿ ಬಣ್ಣ ತಪ್ಪಿಸಿಕೊಳ್ಳಲು ಆಗುವಂತಿರಲಿಲ್ಲ. ಅಕ್ಕ ಅದಕ್ಕೊಂದು ಉಪಾಯ ಮಾಡಿದಳು. ಬಣ್ಣದ ಡಬ್ಬಿಗಳಿಗೆ ಅಂಟು ಹಚ್ಚಿ, ಹಸಿರಿಗೆ ಬೇವಿನ ಎಲೆ, ಕೆಂಪಿಗೆ ಒಣ ಮೆಣಸಿನಕಾಯಿ, ಕಂದಿಗೆ ಹುಣಸೆ ಬೀಜ ಅಂಟಿಸಿದಳು. ಲಿಂಗಸುಗೂರಿಗೆ ಜೊತೆಗೆ ಬಂದು, ರೊಟ್ಟಿಯ ಗಂಟು ಇಟ್ಟುಕೊಂಡು ಶಾಲೆಯ ಗೇಟಿನ ಹೊರಗೆ ಗಿಡದ ಕೆಳಗೆ ಕೂತಳು. ಮೇಲ್ವಿಚಾರಕರು ನನ್ನ ಡೆಸ್ಕಿನ ಹತ್ತಿರ ನಿಂತು, "ಏನೋ ಇದು, ಪರೀಕ್ಷೆ ಬರ್ಯಾಕ ಬಂದೀಯೋ, ಸಾರು ಮಾಡಾಕ ಬಂದೀಯೋ?" ಅಂದರು. "ದೃಷ್ಟಿ ಆಗಬಾರದಂತ ನಮ್ಮಕ್ಕ ಕಟ್ಟ್ಯಾಳ್ರಿ ಸರ," ಅಂದೆ. ಅವರು ನಕ್ಕು ಮುಂದೆ ಹೋದರು. ನಾನು ಪಾಸಾದೆ. ಆ ಸರ್ಟಿಫಿಕೇಟಿನಲ್ಲಿ ಅರ್ಧ ಹೆಸರು ಅಕ್ಕನದಿರಬೇಕಿತ್ತು.

ಆ ಸರ್ಟಿಫಿಕೇಟು ಹಿಡಿದುಕೊಂಡು ಸಿಂಧನೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಮಾಲೀಕ ಸುಬ್ಬಾರಾವ್, ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ಮನೆತನದವರು. ಅರ್ಧ ತೆಲುಗು, ಅರ್ಧ ಕನ್ನಡ. ಆಗ ಎಲ್ಲ ಕಪ್ಪುಬಿಳುಪು ಫೋಟೋ. ಕೂತವರ ಹಿಂದೆ ಇಳಿಬಿಡುವ ಪರದೆಗಳನ್ನು ಬರೆಯುವುದು ನನ್ನ ಕೆಲಸ. ಮಾದರಪಾಟ ಬಟ್ಟೆಗೆ ಅಂಟು, ಸುಣ್ಣ ಬಳಿದು ಒಣಗಿಸಿ, ಅದರ ಮೇಲೆ ಕಾಡಿಗೆ ಕಪ್ಪು, ಬಿಳಿ, ಅವೆರಡನ್ನು ಕಲಸಿದ ಬೂದು. ಇಷ್ಟೇ. ಹೇಗೂ ಫೋಟೋದಲ್ಲಿ ಬಣ್ಣ ಬೀಳುವುದಿಲ್ಲವಲ್ಲ. ನನ್ನ ಕೆರೆಗಳಲ್ಲಿ ನೀರು ಹೊಳೆಯುತ್ತಿತ್ತು, ನನ್ನ ಗುಡ್ಡಗಳು ದೂರ ಸರಿಯುತ್ತಿದ್ದವು. ಮುಕ್ಕುಂದ, ಜವಳಗೇರಾದಿಂದ ಜನ "ಆ ಕೆರಿ ಪರದಿ ಮುಂದ ತಗೀರಿ" ಎಂದು ಕೇಳಿಕೊಂಡು ಬರುತ್ತಿದ್ದರು. ಸುಬ್ಬಾರಾವ್ ಗಿರಾಕಿಗಳ ಮುಂದೆ, "ಮನ ಅಮರೇಶ್, ನಮ್ಮ ಹುಡುಗ ಬರೆದದ್ದು. ಇಂಥ ಕೈ ಈ ಜಿಲ್ಲಾದಾಗ ಇಲ್ಲ," ಎನ್ನುತ್ತಿದ್ದರು. ನಾಚಿಕೆಪಡದೆ ನಾನು ಬದುಕಿದ ಕಾಲವೆಂದರೆ ಆ ಎರಡು ಮೂರು ವರ್ಷ ಮಾತ್ರ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕ ಮದುವೆಯಾಗಿ ಸಂತೆಕಲ್ಲೂರಿಗೆ ಹೋದಳು. ಹೋಗುವ ಮೊದಲು ನನ್ನ ಬಣ್ಣದ ಡಬ್ಬಿಗಳಿಗೆಲ್ಲ ಹೊಸ ಎಲೆ, ಹೊಸ ಮೆಣಸಿನಕಾಯಿ ಕಟ್ಟಿ, "ಎಲಿ ಒಣಗಿ ಉದುರ್ತೈತಿ. ಉದುರಿದ್ರ ನನ್ನ ಹಂತ್ಯಾಕ ಬಾ. ಆಟಾ ಆಡಬ್ಯಾಡ," ಎಂದು ಹೇಳಿದಳು. "ನಾ ಈಗ ಕರಿ ಬಿಳಿ ಬಿಟ್ಟು ಏನೂ ಮುಟ್ಟಂಗಿಲ್ಲ ಬಿಡಬೇ," ಅಂದೆ.

ಮರುವರ್ಷದ ದೀಪಾವಳಿ ಕಳೆದ ಮೇಲೆ ಸುಬ್ಬಾರಾವ್ ಅಂಗಡಿಗೆ ಕಲರ್ ತಂದರು. ತೆಗೆದ ರೀಲನ್ನು ಹೈದರಾಬಾದಿಗೆ ಕಳಿಸಿ ತೊಳೆಸಿ ತರಿಸುವ ಏರ್ಪಾಟು. ಬಾಗಿಲಿಗೆ ಬೋರ್ಡು ಹಾಕಿದ್ದೂ ನಾನೇ, ನೀಲಿಯಲ್ಲಿ ಬರೆದೆ. ಅಂದು ಸಂಜೆ ಅವರು ನನ್ನ ಕೆರೆ ಪರದೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದರು.

"ಇನ್ನ ಇವು ನಡೆಯೋದಿಲ್ಲಯ್ಯಾ. ಕಲರ್‌ದಾಗ ಬೂದಿ ಬಳದಂಗ ಕಾಣ್ತಾವ. ನಮ್ಮ ಕ್ಯಾಂಪಿನ ವರಿ ಗದ್ದೆ ನೋಡೀಯಲ್ಲಾ, ಹಂಗ ಬರಿ. ನೆಲ್ಲು, ಕಾಲುವೆ, ತೆಂಗಿನ ಮರ. ನೋಡಿದವನ ಕಣ್ಣು ತಂಪಾಗಬೇಕು. ಪಚ್ಚಗಾ ಇರಬೇಕು, ಪೂರಾ ಹಸರು." ಆಮೇಲೆ ಮೆಲ್ಲಗೆ ಸೇರಿಸಿದರು: "ನಿನ್ನ ಕೈಲಿ ಆಗದಿದ್ರ ಈಗಲೇ ಹೇಳು. ಬೆಜವಾಡದಿಂದ ತರಿಸ್ತೀನಿ. ತರಿಸಿದ ಮೇಲೆ ನಿನಗಿಲ್ಲಿ ಏನು ಕೆಲಸ ಇರ್ತದೆ?"

ಆಗುವುದಿಲ್ಲ ಎಂದು ಹೇಳಿದ್ದರೆ ನಾಳೆಯಿಂದ ಅಪ್ಪನ ಜೊತೆ ಕುಡುಗೋಲು ಹಿಡಿದು ನೆಲ್ಲು ಕೊಯ್ಯಲು ಹೋಗಬೇಕಿತ್ತು. ಅದಕ್ಕೆ ನಾನು ಹೆದರಲಿಲ್ಲ, ಕೂಲಿ ನಮಗೇನೂ ಹೊಸದಲ್ಲ. ಏಕೆ ಆಗುವುದಿಲ್ಲ ಎಂದು ಅವರು ಕೇಳುತ್ತಾರಲ್ಲ, ಅದಕ್ಕೆ ಹೆದರಿದೆ. "ಆಗ್ತೈತ್ರಿ, ಯಾಕಾಗಂಗಿಲ್ಲ," ಅಂದೆ.

ಅದೇ ಹೊತ್ತಿಗೆ ಅಕ್ಕನ ಕುಬಸಕ್ಕೆ ದಿನ ಗೊತ್ತಾಯಿತು. ಊರಿಗೆ ಕಲರ್ ಬಂದಿರುವಾಗ ಅಕ್ಕನ ಫೋಟೋ ಕಲರಿನಲ್ಲೇ ಆಗಬೇಕು, ಅದೂ ನನ್ನ ಹೊಸ ಪರದೆಯ ಮುಂದೆಯೇ ಆಗಬೇಕು ಎಂದು ನಾನೇ ಭಾವನಿಗೆ ಹೇಳಿ ಕಳಿಸಿದೆ. ಮುಂಜಾನೆ ಸಂತೆಕಲ್ಲೂರಿನಲ್ಲಿ ಕುಬಸ, ಮಧ್ಯಾಹ್ನ ಟೆಂಪೊ ಮಾಡಿಕೊಂಡು ಸಿಂಧನೂರಿಗೆ ಬರುವುದೆಂದು ಮಾತಾಯಿತು. ಸ್ಟುಡಿಯೋದಲ್ಲಿ ಜಾಗ ಸಾಲದು ಎಂದು ನೆಪ ಹೇಳಿ ಪರದೆಯನ್ನು ಮಸ್ಕಿಗೆ ತಂದೆ. ಊರ ಹೊರಗೆ ಖಾಲಿ ಬಿದ್ದಿದ್ದ ಹತ್ತಿ ಗೋದಾಮಿನಲ್ಲಿ ಬಟ್ಟೆ ಕಟ್ಟಿ, ಒಳಗಿನಿಂದ ಅಗಳಿ ಹಾಕಿಕೊಂಡೆ. ಬಣ್ಣ ಹಚ್ಚುವಾಗ ಯಾರೂ ನನ್ನನ್ನು ನೋಡಬಾರದು, ಇಟ್ಟಂಗಿ ಗಿಣಿಯ ಕಾಲದಿಂದ ಇದ್ದ ಅಭ್ಯಾಸ ಅದು.

ಹೊಸ ಪುಡಿ ಬಣ್ಣಗಳನ್ನು ಅಂಗಡಿಯವನು ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟಿದ್ದ. ಹೆಸರಿಲ್ಲ, ಗುರುತಿಲ್ಲ. ಹಸಿರು ಯಾವುದು, ಮನೆಗೆ ಬಳಿಯುವ ಕೆಮ್ಮಣ್ಣು ಯಾವುದು? ಸಂತೆಕಲ್ಲೂರು ದೂರವೇನಲ್ಲ. ಒಂದು ಬಸ್ಸು ಹತ್ತಿದ್ದರೆ ಅಕ್ಕ ಒಂದು ಗಳಿಗೆಯಲ್ಲಿ ಹೇಳುತ್ತಿದ್ದಳು. ಆದರೆ ಆಕೆಯ ಅತ್ತೆ ಮಲ್ಲಮ್ಮನ ಎದುರಿಗೆ ಪೊಟ್ಟಣ ಬಿಚ್ಚಿ, "ಇದು ಯಾವ ಬಣ್ಣ ಹೇಳು" ಎಂದು ಹೇಗೆ ಕೇಳಲಿ? ಗೋದಾಮಿನ ಮುಂದಿನ ಬೇವಿನ ಗಿಡದಿಂದ ಒಂದು ಎಸಳು ಹರಿದು ತಂದೆ. ಒಂದೊಂದೇ ಪೊಟ್ಟಣದ ಪಕ್ಕ ಹಿಡಿದು ನೋಡಿದೆ. ಒಂದು ಪುಡಿ ಎಲೆಯ ಬಣ್ಣಕ್ಕೆ ಸರಿಯಾಗಿ ಕೂತಿತು, ಕೂದಲೆಳೆಯಷ್ಟೂ ಭೇದವಿಲ್ಲ. ಇಷ್ಟು ಸುಲಭದ ಉಪಾಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಹಿಗ್ಗಿಹೋದೆ. ಆ ಪುಡಿಯಲ್ಲೇ ಗದ್ದೆ ತುಂಬಿದೆ, ತೆಂಗಿನ ಗರಿ ತುಂಬಿದೆ. ಕಾಲುವೆಗೆ ನೀಲಿ. ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಇನ್ನೊಂದು ಚಿತ್ರ ಬರೆದಿಲ್ಲ.

ಆ ಹುಮ್ಮಸ್ಸಿನಲ್ಲೇ ಮಸ್ಕಿಯ ಬಟ್ಟೆ ಅಂಗಡಿಗೆ ಹೋದೆ. ಅವ್ವ ಇಲ್ಲದ ಮನೆ. ಅಪ್ಪ ನೆಲ್ಲಿನ ಕೊಯ್ಲಿಗೆ ಹೋಗಿದ್ದವನು ಕುಬಸದ ಹಿಂದಿನ ದಿನ ಬರುವವನಿದ್ದ. ಸೀರೆ ತರುವುದು ನನ್ನ ಪಾಲಿಗೆ ಬಂದಿತ್ತು. "ಅಕ್ಕಗೊಂದು ಇಳಕಲ್ ಸೀರಿ ಕೊಡ್ರಿ," ಅಂದೆ. ಸಾಹುಕಾರ ಒಂದು ರಾಶಿ ತಂದು ಮುಂದೆ ಹಾಕಿ, "ನೀವು ಆರ್ಟಿಸ್ಟ್ ಮಂದಿ. ಬಣ್ಣ ನಾ ಹೇಳಬೇಕೇನ್ರಿ ನಿಮಗ? ಆರಿಸ್ಕೊರಿ," ಎಂದ. ಅಲ್ಲಿ ಕೂತ ನಾಲ್ಕಾರು ಜನ ನನ್ನತ್ತ ನೋಡಿದರು. ಹಸಿರು ಕೊಡಿ ಎನ್ನುವ ಒಂದು ಮಾತು ಗಂಟಲಿಗೆ ಬಂದು ನಿಂತಿತು, ಹೊರಗೆ ಬರಲಿಲ್ಲ. ಜೇಬಿನಲ್ಲಿ ಬೇವಿನ ಎಲೆ ಇನ್ನೂ ಇತ್ತು. ಮುಷ್ಟಿಯಲ್ಲಿ ಅಡಗಿಸಿ ಹಿಡಿದು, ಸೀರೆಗಳನ್ನು ಸವರುವ ನೆಪದಲ್ಲಿ ಹೋಲಿಸಿ, ಒಂದನ್ನು ಎತ್ತಿ ಕೊಟ್ಟೆ. ಕುಬಸದ ದಿನ ನಸುಕಿನಲ್ಲೇ ಅಪ್ಪ ಆ ಗಂಟು ಹಿಡಿದು ಸಂತೆಕಲ್ಲೂರಿಗೆ ಹೋದ, ನಾನು ಪರದೆ ಪೂರಾ ಒಣಗುವವರೆಗೆ ಕಾದು, ಮಧ್ಯಾಹ್ನ ಅದನ್ನು ಬಿದಿರಿನ ಗಳಕ್ಕೆ ಸುತ್ತಿ ಬಸ್ಸಿನ ಟಾಪಿನ ಮೇಲೆ ಹಾಕಿಸಿ ಸಿಂಧನೂರಿಗೆ ಹೊರಟೆ. ದಾರಿಯುದ್ದಕ್ಕೂ ಜೋಳದ ಹೊಲಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು.

ಟೆಂಪೊ ನನಗಿಂತ ಮೊದಲೇ ಬಂದು ನಿಂತಿತ್ತು. ಸ್ಟುಡಿಯೋದಲ್ಲಿ ಕಾಲಿಡಲು ಜಾಗವಿಲ್ಲ. ಅಕ್ಕ, ಭಾವ, ಅತ್ತೆ ಮಲ್ಲಮ್ಮ, ಜೊತೆಗೆ ಉಡಿ ತುಂಬಲು ಬಂದ ಮುತ್ತೈದೆಯರು. ಅಪ್ಪ ಅಲ್ಲಿಂದಲೇ ಮತ್ತೆ ಕೊಯ್ಲಿಗೆ ಹೋಗಿದ್ದನಂತೆ. ನಾನು ಆರಿಸಿದ ಸೀರೆಯಲ್ಲಿ, ಕೈ ತುಂಬಾ ಬಳೆಯಲ್ಲಿ ಅಕ್ಕನನ್ನು ನೋಡಿ ಕಣ್ಣು ತುಂಬಿ ಬಂತು. ಅವ್ವ ಇದ್ದಿದ್ದರೆ ಎಂದುಕೊಂಡೆ. ಮಲ್ಲಮ್ಮ ಮಾತ್ರ ಗಂಟು ಮೋರೆ ಹಾಕಿಕೊಂಡು ಕೂತಿದ್ದಳು. ಬೀಗರ ಊಟದಲ್ಲಿ ಏನೋ ಕಡಿಮೆಯಾಗಿರಬೇಕು ಎಂದು ಅಂದುಕೊಂಡೆ.

ಸುಬ್ಬಾರಾವ್ ದೀಪ ಹಚ್ಚಿದರು. ನಾನು ಸ್ಟೂಲು ಹತ್ತಿ ಗಳವನ್ನು ಮೊಳೆಗೆ ಸಿಕ್ಕಿಸಿ, ದಾರ ಬಿಚ್ಚಿ, ಎಲ್ಲರೂ ನೋಡುತ್ತಿರುವಂತೆ ಪರದೆಯನ್ನು ಸರ್ರನೆ ಇಳಿಬಿಟ್ಟೆ.

ಯಾರೂ ಮಾತಾಡಲಿಲ್ಲ. ಮೆಚ್ಚುಗೆಗೆ ಮಾತು ನಿಂತಿರಬೇಕೆಂದು ತಿಳಿದು ನಗುತ್ತ ತಿರುಗಿದೆ. ಸುಬ್ಬಾರಾವ್ ಒಮ್ಮೆ ಪರದೆ, ಒಮ್ಮೆ ನನ್ನ ಮುಖ ನೋಡುತ್ತಿದ್ದರು.

ಮೊದಲು ಬಾಯಿ ಬಿಟ್ಟವಳು ಮಲ್ಲಮ್ಮ. "ಇದೇನಪಾ ಇದು? ಒಣಗಿ ಸುಟ್ಟು ಹೋದ ಹೊಲ ಬರದು ಇಟ್ಟೀಯಲ್ಲ! ಹೊರಗ ಸೀಮಿಗೆ ಸೀಮಿ ಹಸರಗೈತಿ, ಇಲ್ಲಿ ಬರಗಾಲ ಇಳಿಬಿಟ್ಟಾನ. ತೆಂಗಿನ ಗಿಡಾ ಸೈತ ಬೆಂಕಿ ಬಿದ್ದಂಗ ಅದಾವ. ಇದರ ಮುಂದ ನನ್ ಸೊಸಿನ್ನ ಉಡಿ ತುಂಬ್ಕೊಂಡು ಕೂಡು ಅಂತೀರೇನು? ಉಡಿಯಾಗ ಬೆಂಕಿ ಹಾಕಿದಂಗ!"

ಹೆಂಗಸರಲ್ಲಿ ಯಾರೋ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಮತ್ತೆ ಮೂರನೆಯ ಇಯತ್ತೆ. ನಾನಿನ್ನೂ ಸ್ಟೂಲಿನ ಮೇಲೆಯೇ ಇದ್ದೆ. ಭೂಮಿ ಬಾಯಿ ಬಿಡಬಾರದೆ ಎನ್ನುತ್ತಾರಲ್ಲ, ನನಗೆ ಭೂಮಿಗೆ ಇಳಿಯುವುದಕ್ಕೂ ಆಗಲಿಲ್ಲ. ಹೊಸ ಕಲರ್ ಫೋಟೋದ ಮೊದಲ ಗಿರಾಕಿಗಳು ಎಂದು ಬಾಗಿಲಲ್ಲಿ ಬೇರೆ ಜನ ಬಂದು ಇಣುಕುತ್ತಿದ್ದರು.

ಸುಬ್ಬಾರಾವ್ ಗಂಟಲು ಸರಿಮಾಡಿಕೊಂಡು, "ಏಮಯ್ಯಾ ಅಮರೇಶ್, ನಾನು ಹಸರು ಅಂತ..." ಎಂದು ಶುರು ಮಾಡಿದರು.

"ನಾನಽ ಹೇಳಿದ್ದೆ ರೀ," ಅಂದಳು ಅಕ್ಕ.

ಎಲ್ಲರೂ ಆಕೆಯತ್ತ ತಿರುಗಿದರು. ಆಕೆ ನನ್ನನ್ನು ನೋಡಲಿಲ್ಲ. ಅತ್ತೆಯನ್ನೇ ನೋಡುತ್ತ ಹೇಳಿದಳು: "ಮಾಗಿದ ಜ್ವಾಳದ ಹೊಲದಾಗ ಕೂಡಬೇಕು ಅಂತ ನನಗ ಬಯಕಿ ಆಗಿತ್ರಿ ಅತ್ತಿ. ಈಗ ಎಲ್ಲಿ ಹೊಲ ಮಾಗ್ಯಾವ? ಅದಕ್ಕ ತಮ್ಮಗ ಹೇಳಿ ಕಳಿಸಿದ್ದೆ, ಪರದಿ ಮ್ಯಾಲರ ಬರಿಯಪ್ಪಾ ಅಂತ."

"ಜ್ವಾಳದ ಹೊಲದಾಗ ತೆಂಗಿನ ಗಿಡ ಎಲ್ಲಿಂದ ಬಂದುವು?"

"ಬಯಕಿಗೆ ಏನ್ ಲೆಕ್ಕ ರೀ ಅತ್ತಿ? ತೀರಸಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವಂತ ನೀವಽ ಹೇಳೀರಿ."

ಬಸುರಿಯ ಬಯಕೆಗೆ ಎದುರು ಆಡುವವರು ನಮ್ಮ ಸೀಮೆಯಲ್ಲಿ ಇಲ್ಲ. ಮಲ್ಲಮ್ಮನಂಥ ಮಲ್ಲಮ್ಮನೂ ಬಾಯಿ ಮುಚ್ಚಿದಳು. ಮುಚ್ಚುವ ಮೊದಲು ಗೊಣಗಿದಳು: "ಮುಂಜಾನಿ ಒಂದ್ ಬಯಕಿ ಆತು, ಈಗ ಇನ್ನೊಂದು. ನಾವೂ ಹಡದೀವಿ, ಇಂಥಾ ಬಯಕಿ ಕಂಡಿದ್ದಿಲ್ಲವ್ವ." ಮುಂಜಾನೆಯದು ತಿನ್ನುವ ಬಯಕೆ ಇರಬೇಕು ಎಂದುಕೊಂಡೆ. ಆಗ ಅದನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಕ್ಕ ಹೋಗಿ ಕುರ್ಚಿಯಲ್ಲಿ ಕೂತಳು. ಬೆನ್ನು ನೆಟ್ಟಗೆ, ಕೈ ಉಡಿಯ ಮೇಲೆ. ಸುಬ್ಬಾರಾವ್ ಕ್ಯಾಮೆರಾಕ್ಕೆ ಬಗ್ಗಿ, "ಅಂತಾ ಒಕಟೇ ರಂಗು," ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಎಲ್ಲ ಒಂದೇ ಬಣ್ಣ ಎಂದರ್ಥ. ಪರದೆಯನ್ನೂ ಕುರ್ಚಿಯನ್ನೂ ಸೇರಿಸಿ ಅನ್ನುತ್ತಿದ್ದಾರೆಂದು ತಿಳಿದು ತಲೆ ತಗ್ಗಿಸಿದೆ. ದೀಪ ಹೊಳೆಯಿತು, ಫೋಟೋ ಆಯಿತು. ಟೆಂಪೊ ಹತ್ತುವಾಗ ಅಕ್ಕ ಹತ್ತಿರ ಬಂದು, "ಉಂಡೀಯೇನು?" ಎಂದಷ್ಟೇ ಕೇಳಿದಳು. ನಾನು ಮುಖ ತಿರುಗಿಸಿದೆ. ನನ್ನನ್ನು ಉಳಿಸಿದವಳ ಮೇಲೆ ಆ ಕ್ಷಣ ನನಗೆ ಸಿಟ್ಟಿತ್ತು. ಆಕೆ ಉಳಿಸಿದ್ದರಿಂದಲೇ ಸಿಟ್ಟು. ಈಗ ಅದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಎಲ್ಲರೂ ಹೋದ ಮೇಲೆ ಸುಬ್ಬಾರಾವ್ ಬಾಗಿಲು ಹಾಕಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಮೇಜಿನ ಮೇಲೆ ಎರಡು ಫಿಲ್ಮಿನ ಡಬ್ಬಿ ಇಟ್ಟು, "ಹಸರು ಯಾವುದು?" ಎಂದು ಕೇಳಿದರು. ಥೇಟ್ ಅಕ್ಕನ ಹಾಗೆಯೇ. ನಾನು ಮೇಜನ್ನೇ ನೋಡುತ್ತ ಕೂತೆ. ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ. "ಅಯ್ಯೋ, ಪಾಪಂ," ಅಂದರು. ಮರುದಿನದಿಂದ ನಾನು ಸಿಂಧನೂರಿಗೆ ಹೋಗಲಿಲ್ಲ. ಪರದೆಯನ್ನು ಸುತ್ತಿಕೊಂಡು ಬಂದು, ಬಿಚ್ಚದೆಯೇ ಅಟ್ಟಕ್ಕೆ ಹಾಕಿದೆ.

ಆ ಚಳಿಗಾಲವೆಲ್ಲ ಮನೆಯಲ್ಲಿ ಕೂತೆ. ಯಾರ ಮುಖವನ್ನೂ ನೋಡಲು ಆಗದೆ ಗುಡ್ಡ ಹತ್ತಿ ಬಂಡೆಗಳ ನಡುವೆ ಹೊತ್ತು ಕಳೆಯುತ್ತಿದ್ದೆ. ಜೋಳ ಮಾಗತೊಡಗಿತು. ಗುಡ್ಡದ ಮೇಲಿನಿಂದ ನೋಡಿದರೆ ಕೆಳಗೆ ಹೊಲಗಳು, ದಾರಿ, ದನ, ಬಂಡೆ. ಒಂದು ದಿನ ಅಕ್ಕನ ಮಾತು ನೆನಪಾಯಿತು. ಮಾಗಿದ ಜೋಳದ ಹೊಲ. ಕಾಡಿಗೆ ಕಪ್ಪು, ಸುಣ್ಣ, ಒಂದಿಷ್ಟು ಹಳದಿ, ಒಂದಿಷ್ಟು ಕೆಮ್ಮಣ್ಣು ತೆಗೆದುಕೊಂಡು ಹೋಗಿ ಆ ಹೊಲವನ್ನೇ ಬರೆದೆ. ಬರೆದ ಹಾಗೆಯೇ ಅದು ಇತ್ತು. ಬೇಸಿಗೆಯ ಮಸ್ಕಿಯಲ್ಲಿ ನನ್ನ ಕಣ್ಣಿಗೂ ಬೇರೆಯವರ ಕಣ್ಣಿಗೂ ಅಂಥ ವ್ಯತ್ಯಾಸವಿರಲಿಲ್ಲ. ನಾನು ಬರೆಯಬಹುದಾದ ಊರಿನಲ್ಲೇ ಹುಟ್ಟಿ, ಕೆರೆ, ತೆಂಗು, ನೆಲ್ಲು ಎಂದು ಅಲೆದಿದ್ದೆ. ಅಕ್ಕ ನನ್ನ ಮಾನ ಮುಚ್ಚಲು ಹೇಳಿದ ಸುಳ್ಳಿನಿಂದ ನನ್ನ ಕಸುಬು ಹುಟ್ಟಿತು.

ತೊಂಬತ್ತರ ದಶಕದಲ್ಲಿ ಆ ಚಿತ್ರಗಳು ಹೊರ ಊರುಗಳಿಗೆ ಹೋದವು. ಮೊದಲ ಪ್ರದರ್ಶನದಲ್ಲಿ ತಿಳಿದವರೊಬ್ಬರು ಮೈಕಿನ ಮುಂದೆ ನಿಂತು, ಕಾಲುವೆಯ ಹಸಿರಿನ ಆಮಿಷಕ್ಕೆ ಬೀಳದೆ ಹಸಿರನ್ನೇ ತ್ಯಜಿಸಿದ ದಿಟ್ಟ ಕಲಾವಿದ ಎಂದು ನನ್ನನ್ನು ಹೊಗಳಿದರು. ಒಣಭೂಮಿಯ ಸ್ವಾಭಿಮಾನ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ತ್ಯಜಿಸಲು ಅದು ನನ್ನ ಹತ್ತಿರ ಎಲ್ಲಿತ್ತು? ಮುಂದಿನ ಎಲ್ಲ ಕಡೆ ಅದೇ ಮಾತು ಬಂತು, ಎಲ್ಲ ಕಡೆ ಕೈ ಮುಗಿದೆ. ಸಿಂಧನೂರಿನ ಸ್ಟೂಲಿನ ಮೇಲೆ ನಿಂತಾಗ ಆದ ನಾಚಿಕೆಗಿಂತ ಆ ಚಪ್ಪಾಳೆಯ ನಾಚಿಕೆ ದೊಡ್ಡದು, ಏಕೆಂದರೆ ಅದನ್ನು ನೋಡಿ ನಗುವವರು ಯಾರೂ ಇರಲಿಲ್ಲ.

ಕಟ್ಟೆಯ ಮೇಲೆ ಇಷ್ಟೆಲ್ಲ ನೆನೆದು ಕೂತಿದ್ದಾಗ ಒಳಗಿನಿಂದ ಗೌರಿ ಕರೆದಳು. ಮಂಚದ ಮೇಲೆ ಹಳೆಯ ಕೌದಿಯೊಂದನ್ನು ಹಾಸಿ, ಅದರ ನಡುವಿನ ಒಂದು ತೇಪೆಯ ಮೇಲೆ ಕೈ ಇಟ್ಟಿದ್ದಳು. ಅಕ್ಕ ಬಾಗಿಲ ಹತ್ತಿರ ಮೊರ ಹಿಡಿದು ಹೆಸರು ಕಾಳು ಆರಿಸುತ್ತ ಕೂತಿದ್ದಳು.

"ಮಾವಾ, ನೀನೂ ಮರ್ತೀದಿ ನೋಡು. ಹಸರ ಅಂದೆಲ್ಲ? ಇದು ಅವ್ವನ ಕುಬಸದ ಸೀರಿ ತುಂಡು. ಸೀರಿ ಹರದ ಮ್ಯಾಲ ಮಲ್ಲಮ್ಮ ಆಯಿ ಕೌದ್ಯಾಗ ಹಾಕಿ ಹೊಲಿದಿದ್ಲು. ಇಟ್ಟಂಗಿ ಬಣ್ಣ ಐತಿ, ಹಸರ ಎಲ್ಲೈತಿ?"

ನಾನು ಬಗ್ಗಿ ಆ ತೇಪೆಯನ್ನು ನೋಡಿದೆ. ನನಗೆ ಅದು ಬೇವಿನ ಎಲೆಯ ಬಣ್ಣವಾಗಿಯೇ ಕಂಡಿತು.

"ಕುಬಸಕ್ಕ ಇಟ್ಟಂಗಿ ಬಣ್ಣದ ಸೀರಿ ಯಾರರ ಉಡ್ತಾರೇನಬೇ ಅವ್ವಾ?" ಎಂದು ಗೌರಿ ನಕ್ಕಳು. "ಆಯಿ ಹೆಂಗ ಒಪ್ಪಿದ್ಲು?"

ಮೊರದಿಂದ ತಲೆ ಎತ್ತದೆಯೇ ಅಕ್ಕ ಹೇಳಿದಳು: "ನನಗ ಬಯಕಿ ಆಗಿತ್ತು."

ಮುಂಜಾನೆ ಒಂದು, ಮಧ್ಯಾಹ್ನ ಒಂದು. ಮುತ್ತೈದೆಯರು, ಬೀಗರು ಎಲ್ಲರೂ ಕೂತಿರುವಾಗ ಅಪ್ಪ ಗಂಟು ಬಿಚ್ಚಿಟ್ಟಿರುತ್ತಾನೆ. ಆ ಸೀರೆಯನ್ನು ಕಂಡು ಎಷ್ಟು ಬಾಯಿಗಳು ತೆರೆದುಕೊಂಡಿದ್ದವೋ, ಆಕೆ ಹೇಗೆ ಅದನ್ನು ಉಟ್ಟು ಹೊರಗೆ ಬಂದು ಹಸೆಯ ಮೇಲೆ ಕೂತಳೋ, ನಾನು ಅಲ್ಲಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆಕೆ ನನಗೆ ಒಂದು ಮಾತು ಹೇಳಿರಲಿಲ್ಲ. ನಾನು ಪ್ರತಿ ಸಲ ಬಂದು ಆ ಫೋಟೋದ ಮುಂದೆ ನಿಂತು, "ಹಸರ ಸೀರಿ ನಿನಗ ಭಾಳ ಒಪ್ಪಿತ್ತಬೇ," ಎನ್ನುತ್ತಿದ್ದೆ. ಆಕೆ "ಹೂಂನಪಾ" ಎನ್ನುತ್ತಿದ್ದಳು.

"ಹಂಗಾರ ಫೋಟೋದಾಂವಗ ಏನ್ ಹೇಳಲಿ? ಹಸರ ಮಾಡಸ್ಲೇನು, ಚಂದ ಕಾಣ್ತೈತಿ?" ಗೌರಿ ಕೇಳಿದಳು.

"ಹೂಂ, ಹಸರಽ ಮಾಡಸವ್ವ," ಅಂದಳು ಅಕ್ಕ ಅವಸರದಲ್ಲಿ. "ನಿಮ್ಮ ಮಾವ ಹೇಳಿದಂಗ ಆಗಲಿ."

ನನ್ನ ಗಂಟಲಲ್ಲಿ ಆ ಬಟ್ಟೆ ಅಂಗಡಿಯ ಮಾತು ಇನ್ನೂ ಅಲ್ಲೇ ನಿಂತಿತ್ತು. "ಬ್ಯಾಡ," ಅಂದೆ. "ಆ ತುಂಡು ತೋರಿಸಿ ಅದಽ ಬಣ್ಣ ಹಾಕಸು. ಹಿಂದಿನ ಪರದಿನೂ ಅದಽ ಬಣ್ಣ. ಗೌರಿ, ನನಗ ಹಸರ ಕಾಣಂಗಿಲ್ಲವ್ವ. ಸಣ್ಣಾಂವ ಇದ್ದಾಗಿಂದ ಕಾಣಂಗಿಲ್ಲ."

ಗೌರಿ ತಮಾಷೆ ಎಂದು ನಗಲು ಹೋದವಳು ನನ್ನ ಮುಖ ನೋಡಿ, ಆಮೇಲೆ ಅವ್ವನ ಮುಖ ನೋಡಿ ನಿಲ್ಲಿಸಿದಳು.

ಅಕ್ಕನ ಕೈ ಮೊರದಲ್ಲಿ ನಿಂತಿತ್ತು. "ಯಾಕಲೇ?" ಅಂದಳು ಮೆಲ್ಲಗೆ, ಚಿಕ್ಕವನಿದ್ದಾಗ ಬಿದ್ದು ಬಂದರೆ ಕೇಳುತ್ತಿದ್ದ ಹಾಗೆ. "ನಾ ಆಣಿ ಮಾಡಿದ್ದೆಲ್ಲ, ಯಾರಿಗೂ ಹೇಳಿರಲಿಲ್ಲಲ್ಲ."

ನನಗೆ ಆಕೆಯ ಮುಖ ನೋಡಲು ಆಗಲಿಲ್ಲ. ಹೋಗಿ ಆಕೆಯ ಪಕ್ಕದಲ್ಲಿ ಕೂತು, ಮೊರದೊಳಗೆ ಕೈ ಹಾಕಿ ಕಲ್ಲಿನ ಹರಳು ಆರಿಸತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಆಕೆ ನನ್ನ ಬೆರಳ ಸಂದಿಯಿಂದ ಏನನ್ನೋ ತೆಗೆದು ಮತ್ತೆ ಮೊರಕ್ಕೆ ಹಾಕಿದಳು. ಹರಳೆಂದು ನಾನು ಹಿಡಿದಿದ್ದದ್ದು ಕಾಳು.